ಮನೆಯ ಚಿತ್ರಮಂದಿರಕ್ಕೆ ಶ್ರುತಿ ಸೇರಿಸುವುದು

ಸಂಗೀತ ಕಛೇರಿಗೆ ಹೋದವರೆಲ್ಲರೂ ಇದನ್ನು ಕಂಡಿರುತ್ತಾರೆ. ವಿದ್ವಾಂಸರು ವೇದಿಕೆಯನ್ನೇರಿದ ಕೂಡಲೆ ಹಾಡಲು ತೊಡಗುವುದಿಲ್ಲ. ತಂಬೂರಿಯ ತಂತಿಗಳನ್ನು ಬಿಗಿದು ಸಡಿಲಿಸಿ, ಪಿಟೀಲಿನವರು ಬಿರಡೆಗಳನ್ನು ತಿರುಗಿಸಿ, ಮೃದಂಗದವರು ಎಡಮುಖಕ್ಕೆ ರವೆಯ ಮುದ್ದೆಯನ್ನು ಹಚ್ಚಿ, ಎಲ್ಲರೂ ಒಂದೇ ಶ್ರುತಿಗೆ ಬಂದ ಮೇಲಷ್ಟೆ ಗಾನವು ಆರಂಭವಾಗುತ್ತದೆ. ವಾದ್ಯಗಳು ಎಷ್ಟೇ ಬೆಲೆಬಾಳತಕ್ಕವಾದರೂ ಶ್ರುತಿ ಸೇರದಿದ್ದರೆ ಕೇಳುವವರ ಪಾಲಿಗೆ ಅದೊಂದು ಶಿಕ್ಷೆಯೇ ಸರಿ. ಈಚಿನ ವರ್ಷಗಳಲ್ಲಿ ನಮ್ಮ ನಡುಮನೆಗಳಿಗೆ ಬಂದು ಸೇರಿರುವ ‘ಹೋಂ ಥಿಯೇಟರ್’ ಎಂಬ ಸಲಕರಣೆಗೂ ಈ ಮಾತು ಪೂರ್ಣವಾಗಿ ಸಲ್ಲುತ್ತದೆ.

ಎಷ್ಟೋ ಮನೆಗಳಲ್ಲಿ ನಡೆಯುವುದೇನು? ಗೃಹಸ್ಥರು ಬಹುದಿನ ಉಳಿಸಿದ ಹಣವನ್ನು ಕೊಟ್ಟು ರಿಸೀವರನ್ನೂ ಆರು ಪೆಟ್ಟಿಗೆಗಳನ್ನೂ ತರುತ್ತಾರೆ. ಅಂಗಡಿಯ ಹುಡುಗನು ಬಂದು ಸಿಕ್ಕಿದ ಜಾಗದಲ್ಲಿಟ್ಟು, ತಂತಿಗಳನ್ನು ಜೋಡಿಸಿ, ಒಂದು ಗಂಟೆಯಲ್ಲಿ ಹೊರಟುಹೋಗುತ್ತಾನೆ. ನಾಲ್ಕು ದಿನ ಕಳೆಯುವುದರೊಳಗೆ ದೂರುಗಳು ಮೊದಲಾಗುತ್ತವೆ. ಹೊಡೆದಾಟದ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ. ಪಾತ್ರಗಳು ಆಡುವ ಮಾತು ಮಾತ್ರ ಕೇಳಿಸದು. “ಏನಂದನೋ ಅವನು?” ಎಂದು ಅಜ್ಜಿಯವರು ಮೊಮ್ಮಗನನ್ನು ಕೇಳುತ್ತಾರೆ. ಅವನು ಸದ್ದನ್ನು ಏರಿಸುತ್ತಾನೆ; ಅಷ್ಟರಲ್ಲಿ ಹಾಡು ಬಂದು ತೊಟ್ಟಿಲ ಕೂಸು ಎಚ್ಚರಗೊಳ್ಳುತ್ತದೆ. ಕೆಲವು ದಿನಗಳ ಮೇಲೆ ಅಜ್ಜಿಯವರು ಚಿತ್ರ ನೋಡಲು ಬಂದು ಕೂಡುವುದನ್ನೇ ಬಿಟ್ಟುಬಿಡುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕೂಡಲೆಂದು ತಂದ ವಸ್ತುವಿನಿಂದಲೇ ಒಬ್ಬರು ದೂರವಾದಂತಾಯಿತು. ಇಂತಹ ಸಂದರ್ಭಗಳಲ್ಲಿ ದೋಷವು ಬಹುಮಟ್ಟಿಗೆ ಸಲಕರಣೆಯಲ್ಲಿರುವುದಿಲ್ಲ, ಅದನ್ನು ಶ್ರುತಿಗೂಡಿಸದಿರುವುದರಲ್ಲಿರುತ್ತದೆ. ಆದಕಾರಣ ಈ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಇದರ ಹಿನ್ನೆಲೆ

೧೯೩೪ರಲ್ಲಿ ತೆರೆಕಂಡ ಮೊದಲನೆಯ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಕಾಲದಲ್ಲಿ ಚಿತ್ರದ ಧ್ವನಿಯೆಲ್ಲವೂ ಒಂದೇ ಧಾರೆಯಾಗಿ ಹರಿದು ಬರುತ್ತಿದ್ದಿತು. ೧೯೪೦ರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿಯವರು ‘ಫ್ಯಾಂಟೇಸಿಯ’ ಚಿತ್ರಕ್ಕಾಗಿ ಧ್ವನಿಯನ್ನು ಹಲವು ಧಾರೆಗಳಾಗಿ ಒಡೆದು ಪ್ರೇಕ್ಷಕರ ಸುತ್ತಲಿಂದ ಕೇಳಿಸಿದರು. ೧೯೯೨ರಲ್ಲಿ ಡಾಲ್ಬಿ ಡಿಜಿಟಲ್ ಪದ್ಧತಿಯೂ, ೨೦೧೨ರಲ್ಲಿ ತಲೆಯ ಮೇಲಿನಿಂದಲೂ ಧ್ವನಿಯನ್ನು ಇಳಿಸುವ ಡಾಲ್ಬಿ ಆಟ್ಮಾಸ್ ಪದ್ಧತಿಯೂ ಚಿತ್ರಮಂದಿರಗಳಿಗೆ ಬಂದುವು.

ಮನೆಗೆ ಸಾಮಾನ್ಯವಾಗಿ ಸಾಕಾಗುವುದು ‘೫.೧’ ಎಂಬ ಏರ್ಪಾಡು. ಮುಂದೆ ಎಡಬಲಗಳಲ್ಲಿ ಎರಡು, ನಡುವೆ ಒಂದು, ಕುಳಿತವರ ಪಕ್ಕಗಳಲ್ಲಿ ಎರಡು, ಹೀಗೆ ಐದು ಸ್ಪೀಕರುಗಳು. ಗಂಭೀರವಾದ ತಗ್ಗುಸ್ವರಗಳಿಗಾಗಿ ‘ಸಬ್‌ವೂಫರ್’ ಎಂಬುದೊಂದು. ಇವುಗಳಿಗೆ ಧ್ವನಿಯನ್ನು ಹಂಚಿ ಬಲಕೊಡುವ ಯಜಮಾನನೇ ರಿಸೀವರು. ಚಿತ್ರದ ಸಂಭಾಷಣೆಯು ಬಹುಪಾಲು ನಡುವಣ ಸ್ಪೀಕರಿನಿಂದಲೇ ಬರುತ್ತದೆಂಬುದನ್ನು ವಾಚಕರು ವಿಶೇಷವಾಗಿ ನೆನಪಿನಲ್ಲಿಡಬೇಕು.

ಕೊಳ್ಳುವ ಮುನ್ನ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಹೊಂದುತ್ತದೆ. ಅಂಗಡಿಗೆ ಹೋಗುವುದಕ್ಕೆ ಮೊದಲು ಕೋಣೆಯ ಉದ್ದಗಲಗಳನ್ನು ಟೇಪು ಹಿಡಿದು ಅಳೆಯಿರಿ. ಎಲ್ಲಿ ಕುಳಿತು ನೋಡುವಿರೆಂಬುದನ್ನು ಗೊತ್ತುಮಾಡಿರಿ. ಹತ್ತಡಿಯ ಚಿಕ್ಕ ಕೋಣೆಯಲ್ಲಿ ಐದು ಹಗುರವಾದ ಪೆಟ್ಟಿಗೆಗಳಿಗಿಂತ ಒಳ್ಳೆಯ ಎರಡು ಸ್ಪೀಕರುಗಳು ಹೆಚ್ಚು ಸುಖವನ್ನು ಕೊಡುತ್ತವೆ. ಮುಂದಿನ ಮೂರು ಸ್ಪೀಕರುಗಳು ಒಂದೇ ತಯಾರಕರ ಒಂದೇ ಶ್ರೇಣಿಯವಾಗಿರಲಿ. ಇಲ್ಲವಾದರೆ ಪಾತ್ರವು ಪರದೆಯ ಎಡದಿಂದ ಬಲಕ್ಕೆ ನಡೆದಂತೆಲ್ಲ ಅದರ ಕಂಠವೇ ಬದಲಾದಂತೆ ತೋರುವುದು. ರಿಸೀವರುಗಳಲ್ಲಿ ಹೊಸ ಹೊಸ ಪದ್ಧತಿಗಳು ಬರುತ್ತಲೇ ಇರುತ್ತವೆ. ಒಳ್ಳೆಯ ಸ್ಪೀಕರಾದರೋ ಇಪ್ಪತ್ತು ವರ್ಷ ಬಾಳಬಲ್ಲುದು. ಹಣದ ಹೆಚ್ಚು ಪಾಲನ್ನು ಸ್ಪೀಕರುಗಳಿಗೆ ಮೀಸಲಿಡುವುದೇ ಲೇಸು.

ಅಂಗಡಿಯವರು ವ್ಯಾಟುಗಳ ದೊಡ್ಡ ಸಂಖ್ಯೆಯನ್ನು ಹೇಳಿ ಬೆರಗುಗೊಳಿಸುವುದುಂಟು. ಇದರ ನಿಜಸ್ಥಿತಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಾಮಾನ್ಯವಾದ ಸ್ಪೀಕರು ಒಂದು ವ್ಯಾಟಿನ ಬಲದಿಂದ ಒಂದು ಮೀಟರು ದೂರದಲ್ಲಿ ೮೭ ಡೆಸಿಬೆಲ್ ಧ್ವನಿಯನ್ನು ಕೊಡುತ್ತದೆನ್ನೋಣ. ಮೂರು ಮೀಟರು ದೂರದಲ್ಲಿ ಅದು ಸುಮಾರು ೭೮ಕ್ಕೆ ಇಳಿಯುತ್ತದೆ. ೭೫ ಡೆಸಿಬೆಲ್ ಎಂಬುದು ಮನೆಯಲ್ಲಿ ಸಾಕಷ್ಟು ಜೋರಾದ ಧ್ವನಿಯೇ. ಅದಕ್ಕೆ ಬೇಕಾದುದು ಅರ್ಧ ವ್ಯಾಟು. ಸಿಡಿಲು ಗುಡುಗುಗಳ ಸನ್ನಿವೇಶದಲ್ಲಿ ಅದಕ್ಕಿಂತ ೨೦ ಡೆಸಿಬೆಲ್ ಏರಬೇಕಾದರೆ ನೂರು ಪಟ್ಟು, ಎಂದರೆ ೫೦ ವ್ಯಾಟು ಸಾಕು. ಐವತ್ತನ್ನು ನೂರು ಮಾಡಿದರೆ ಹೆಚ್ಚುವುದು ಬರಿಯ ಮೂರು ಡೆಸಿಬೆಲ್ ಮಾತ್ರ. ಇಷ್ಟೇ ಅಲ್ಲದೆ, ಒಂದೇ ಸ್ಪೀಕರನ್ನು ನುಡಿಸಿ ಅಳೆದ ವ್ಯಾಟುಗಳಿಗೂ, ಐದನ್ನೂ ಏಕಕಾಲದಲ್ಲಿ ನುಡಿಸಿದಾಗ ದೊರೆಯುವ ವ್ಯಾಟುಗಳಿಗೂ ಬಹಳ ಅಂತರವುಂಟು. ಪೆಟ್ಟಿಗೆಯ ಮೇಲಿನ ಸಂಖ್ಯೆ ಯಾವ ಲೆಕ್ಕದ್ದೆಂದು ಕೇಳಿ ತಿಳಿಯಿರಿ. ಸ್ಪೀಕರು ೪ ಓಮಿನದಾಗಿದ್ದರೆ ರಿಸೀವರು ಅದನ್ನು ತಾಳಬಲ್ಲುದೇ ಎಂಬುದನ್ನೂ ವಿಚಾರಿಸತಕ್ಕದ್ದು.

ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಲ್ಲಿನ ರಿಸೀವರನ್ನು ಪ್ರೀತಿಯಿಂದ ತರುವುದುಂಟು. ಅಲ್ಲಿಯ ವಿದ್ಯುತ್ತು ೧೨೦ ವೋಲ್ಟಿನದು, ನಮ್ಮದು ೨೩೦ ವೋಲ್ಟಿನದು. ಯಂತ್ರದ ಹಿಂಬದಿಯಲ್ಲಿ ಬರೆದಿರುವುದನ್ನು ಓದದೆ ಪ್ಲಗ್ಗು ಚುಚ್ಚಿದರೆ ಅದು ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ವೋಲ್ಟೇಜನ್ನು ಇಳಿಸುವ, ತಕ್ಕ ಬಲದ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಬಳಸಕೂಡದು.

ಇಡುವ ಕ್ರಮ

ನೀವು ಕೂಡುವ ಸ್ಥಳವೂ ಮುಂದಿನ ಎಡಬಲದ ಸ್ಪೀಕರುಗಳೂ ಸೇರಿ ಸಮಬಾಹು ತ್ರಿಕೋನವಾಗಬೇಕು. ಎಂಟಡಿ ದೂರದಲ್ಲಿ ಕುಳಿತರೆ ಆ ಎರಡರ ನಡುವೆಯೂ ಎಂಟಡಿ ಇರಲಿ. ಅವುಗಳ ಮೇಲ್ಭಾಗದ ಚಿಕ್ಕ ಗೋಲವು ಕುಳಿತವರ ಕಿವಿಯ ಮಟ್ಟಕ್ಕಿರಬೇಕು. ಪಕ್ಕದ ಸ್ಪೀಕರುಗಳು ಕಿವಿಗಿಂತ ತುಸು ಮೇಲೆ, ತುಸು ಹಿಂದಕ್ಕೆ ಇರಲಿ. ನಡುವಣ ಸ್ಪೀಕರನ್ನು ಷೋಕೇಸಿನ ಗೂಡಿನೊಳಗೆ ತುರುಕುವ ವಾಡಿಕೆ ನಮ್ಮಲ್ಲಿ ಬಹಳ. ಗಡಿಗೆಯೊಳಗೆ ಬಾಯಿಟ್ಟು ಮಾತನಾಡಿದರೆ ಹೇಗೆ ಕೇಳುವುದೋ ಆಗ ಮಾತು ಹಾಗೆ ಕೇಳುತ್ತದೆ. ಅದನ್ನು ಗೂಡಿನ ಅಂಚಿನವರೆಗೂ ಮುಂದಕ್ಕೆ ತಂದು, ತಗ್ಗಿನಲ್ಲಿದ್ದರೆ ಮುಖವನ್ನು ಕಿವಿಯ ಕಡೆಗೆ ಓರೆಮಾಡಿರಿ. ಅಜ್ಜಿಯವರ ಅರ್ಧ ತೊಂದರೆ ಇಷ್ಟರಿಂದಲೇ ನೀಗುವುದುಂಟು.

ನಮ್ಮ ಮನೆಗಳ ಸಿಮೆಂಟಿನ ಗೋಡೆ, ನುಣುಪಾದ ನೆಲ, ಗಾಜಿನ ಕಿಟಕಿಗಳು ಧ್ವನಿಯನ್ನು ಹೀರದೆ ಹಿಂದಕ್ಕೆಸೆಯುತ್ತವೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಝಣಝಣ ಎಂಬ ಬಾಲವೊಂದು ಕೇಳಿಸಿದರೆ ಮಾತಿನ ಸ್ಪಷ್ಟತೆಯನ್ನು ಕೆಡಿಸುವುದು ಅದೇ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಭಾರವಾದ ಪರದೆ, ಗೋಡೆಗೊಂದು ತುಂಬಿದ ಪುಸ್ತಕದ ಬೀರು, ಇವುಗಳಷ್ಟು ಅಗ್ಗವಾದ ಪರಿಹಾರ ಬೇರೊಂದಿಲ್ಲ.

ತಗ್ಗುಸ್ವರಗಳಿಗೆ ಮಾತ್ರ ಈ ಉಪಾಯ ನಡೆಯದು. ಅವುಗಳ ಅಲೆಗಳು ಕೋಣೆಯಷ್ಟೇ ಉದ್ದವಾದುವು. ಹದಿನಾರಡಿ ಉದ್ದದ ಕೋಣೆಯಲ್ಲಿ ಸುಮಾರು ೩೫ ಹರ್ಟ್ಸಿನ ಸ್ವರವು ಗೋಡೆಗಳ ಬಳಿ ಉಬ್ಬಿ, ನಡುವೆ ಅಡಗಿಹೋಗುತ್ತದೆ. ಇದಕ್ಕೆ ಅನುಭವಿಗಳು ಕಂಡುಕೊಂಡ ಯುಕ್ತಿ ಹೀಗಿದೆ: ಸಬ್‌ವೂಫರನ್ನು ನೀವು ಕೂಡುವ ಸ್ಥಳದಲ್ಲಿಯೇ ಇಟ್ಟು, ತಗ್ಗುಸ್ವರ ತುಂಬಿದ ವಾದ್ಯಸಂಗೀತವನ್ನು ನುಡಿಸಿ, ಗೋಡೆಯ ಪಕ್ಕದಲ್ಲಿ ಅಂಬೆಗಾಲಿಡುತ್ತ ಕೇಳುತ್ತ ಸಾಗಿರಿ. ಎಲ್ಲಿ ಗುಂಯ್‌ಗುಟ್ಟದೆ, ಬಡವಾಗದೆ ಸಮನಾಗಿ ಕೇಳುವುದೋ ಅಲ್ಲಿಯೇ ಅದನ್ನಿಡಿ. ಮನೆಯ ಯಜಮಾನರು ಅಂಬೆಗಾಲಿಡುವುದನ್ನು ಕಂಡು ಮಕ್ಕಳು ನಕ್ಕರೆ ನಗಲಿ.

ಶ್ರುತಿ ಮಾಡುವ ಬಗೆ

ಇಂದಿನ ರಿಸೀವರುಗಳೊಂದಿಗೆ ಸಾಮಾನ್ಯವಾಗಿ ಒಂದು ಚಿಕ್ಕ ಮೈಕ್ರೊಫೋನು ಬರುತ್ತದೆ. ರಿಸೀವರು ಪ್ರತಿಯೊಂದು ಸ್ಪೀಕರಿನಿಂದಲೂ ಪರೀಕ್ಷಾಸ್ವರವನ್ನು ನುಡಿಸಿ, ಮೈಕಿನ ಮೂಲಕ ಕೇಳಿಕೊಂಡು, ದೂರವನ್ನೂ ಮಟ್ಟವನ್ನೂ ತಾನೇ ತಿದ್ದುತ್ತದೆ. ಡೆನಾನ್, ಮರಾಂಟ್ಜ್ ಯಂತ್ರಗಳ ಆಡಿಸ್ಸಿ, ಯಮಾಹದವರ ವೈಪಾವೊ, ಹಲವು ತಯಾರಕರು ಬಳಸುವ ಡಿರಾಕ್ ಎಂಬುವು ಈ ಜಾತಿಯವು. ಮೈಕನ್ನು ಕೈಯಲ್ಲಿ ಹಿಡಿಯದೆ, ಸೋಫಾದ ಬೆನ್ನಿಗೂ ಆನಿಸದೆ, ಒಂದು ಕಾಲುಮಣೆಯ ಮೇಲೆ ಕಿವಿಯ ಮಟ್ಟಕ್ಕೆ ನಿಲ್ಲಿಸಬೇಕು. ಫ್ಯಾನನ್ನು ನಿಲ್ಲಿಸಿ, ಅಡುಗೆಮನೆಯ ಮಿಕ್ಸಿ ಕುಕ್ಕರುಗಳಿಗೆ ಅರ್ಧ ಗಂಟೆ ವಿರಾಮ ಕೊಡಿಸಿ, ಎಲ್ಲರೂ ಮೌನವಾಗಿರಬೇಕು.

ಯಂತ್ರವು ಮುಗಿಸಿದ ಮೇಲೆ ನಾವು ಪರಿಶೀಲಿಸಬೇಕಾದುವು ಮೂರು. ಮೊದಲನೆಯದು ದೂರ. ಶಬ್ದವು ಒಂದಡಿ ಸಾಗಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಕಡಿಮೆ ಹೊತ್ತು ಹಿಡಿಯುತ್ತದೆ. ಹತ್ತಿರದ ಸ್ಪೀಕರನ್ನು ಅಷ್ಟು ತಡೆದು ನುಡಿಸಿದರೆ ಎಲ್ಲದರ ಧ್ವನಿಯೂ ಒಂದೇ ಕಾಲಕ್ಕೆ ಕಿವಿ ಸೇರುವುದು. ಯಂತ್ರ ಹೇಳಿದ ದೂರವನ್ನು ಟೇಪಿನಿಂದ ಸರಿನೋಡಿ. ಸಬ್‌ವೂಫರಿನ ದೂರ ಮಾತ್ರ ನಿಜಕ್ಕಿಂತ ಹೆಚ್ಚೆಂದು ತೋರುವುದುಂಟು. ಅದರ ಒಳಗಿನ ಮಂಡಲಗಳಿಂದಾಗುವ ವಿಳಂಬವೂ ಆ ಲೆಕ್ಕದಲ್ಲಿ ಸೇರಿರುವುದರಿಂದ ಅದನ್ನು ತಿದ್ದಬೇಡಿ. ಎರಡನೆಯದು, ತಗ್ಗುಸ್ವರಗಳನ್ನು ಬೇರ್ಪಡಿಸುವ ಗಡಿ. ಮುಂದಿನ ಸ್ಪೀಕರುಗಳನ್ನು ಯಂತ್ರವು ‘ಲಾರ್ಜ್’ ಎಂದು ಗುರುತಿಸಿದ್ದರೆ ‘ಸ್ಮಾಲ್’ ಎಂದು ಬದಲಿಸಿ, ಗಡಿಯನ್ನು ೮೦ ಹರ್ಟ್ಸಿಗಿಡುವುದು ಬಹುಮಟ್ಟಿಗೆ ಕ್ಷೇಮ. ಸ್ಪೀಕರುಗಳು ತೀರ ಚಿಕ್ಕವಾದರೆ ಇನ್ನೂ ಮೇಲಕ್ಕಿರಲಿ. ಮೂರನೆಯದು ಮಟ್ಟ. ಪರೀಕ್ಷಾಸ್ವರದಲ್ಲಿ ಪ್ರತಿಯೊಂದು ಸ್ಪೀಕರೂ ನಿಮ್ಮ ಸ್ಥಳದಲ್ಲಿ ಸಮನಾಗಿ, ವಾಡಿಕೆಯಂತೆ ೭೫ ಡೆಸಿಬೆಲ್ ತೋರಬೇಕು. ಇದಾದ ಮೇಲೆ, ತಿರುಗುವ ಫ್ಯಾನಿನ ಸದ್ದಿನ ನಡುವೆ ಹಿರಿಯರಿಗೆ ಮಾತು ಕೇಳಲೆಂದು ನಡುವಣ ಸ್ಪೀಕರನ್ನು ಎರಡು ಮೂರು ಡೆಸಿಬೆಲ್ ಏರಿಸಿದರೆ ಶಾಸ್ತ್ರಭಂಗವೇನೂ ಆಗದು.

ನೆರೆಹೊರೆ ಮತ್ತು ಕಿವಿ

ಅತಿಯಾದರೆ ಅಮೃತವೂ ವಿಷವೆಂಬುದನ್ನು ಮರೆಯಲಾಗದು. ವಯಸ್ಕರಿಗೆ ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್, ಮಕ್ಕಳಿಗೆ ೭೫ ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ತೋರಿರುವ ಮಿತಿ. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಿತಿ ೪೫ ಡೆಸಿಬೆಲ್. ತಗ್ಗುಸ್ವರಗಳು ತಾರಸಿಯನ್ನೂ ಗೋಡೆಯನ್ನೂ ಹಾದು ಮೇಲ್ಮನೆಯವರ ಮಂಚವನ್ನೇ ತಲುಪುತ್ತವೆ. ರಾತ್ರಿ ರಿಸೀವರಿನ ‘ನೈಟ್ ಮೋಡ್’ ಎಂಬ ಏರ್ಪಾಡನ್ನು ಹಾಕಿಕೊಂಡರೆ ಅಬ್ಬರವು ತಗ್ಗಿ, ಪಿಸುಮಾತು ಮೇಲೇರುತ್ತದೆ. ಮನೆಯಲ್ಲಿ ಮಲಗಿದವರಿಗೂ ಪಕ್ಕದ ಮನೆಯವರಿಗೂ ನೆಮ್ಮದಿ.

ಇಷ್ಟನ್ನು ಮಾಡಲು ಬೇಕಾದುದು ಒಂದು ಟೇಪು, ಒಂದು ಜಮಖಾನ, ಒಂದು ಭಾನುವಾರದ ಬೆಳಗು. ಶ್ರುತಿ ಸರಿಯಾಯಿತೆಂಬುದಕ್ಕೆ ನಾವು ಸೂಚಿಸುವ ಕೊನೆಯ ಪರೀಕ್ಷೆ ಯಾವ ಉಪಕರಣದ್ದೂ ಅಲ್ಲ. ಮನೆಯ ಹಿರಿಯರನ್ನು ಕರೆದು ಅವರ ಎಂದಿನ ಸ್ಥಳದಲ್ಲಿ ಕುಳ್ಳಿರಿಸಿ, ಅವರಿಗೆ ಪ್ರಿಯವಾದ ಚಿತ್ರವನ್ನು ಹಾಕಿರಿ. ಅವರು ಯಾರನ್ನೂ ಏನನ್ನೂ ಕೇಳದೆ ಕೊನೆಯವರೆಗೂ ನೋಡಿದರೆ, ಕೊಟ್ಟ ಹಣ ಸಾರ್ಥಕವಾಯಿತೆಂದು ತಿಳಿಯಬಹುದು.