ದುಡ್ಡು ಕೈಗೆ ಬಂದರೆ ಜನ ಮತಗಟ್ಟೆಗೆ ಹೋಗ್ತಾರಾ?

ಷರತ್ತಿಲ್ಲದೆ ಕೈಗೆ ದುಡ್ಡು ಬಂದರೆ ಜನ ಹೆಚ್ಚು ವೋಟು ಹಾಕ್ತಾರಾ? ಊರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಯ ಮಾತು ಬಂದಾಗ ಈ ಪ್ರಶ್ನೆಯೂ ಏಳುತ್ತೆ. ಇದಕ್ಕೊಂದು ಒಳ್ಳೆಯ ಪುರಾವೆ ಇರೋದು ನಾವಿರುವ ಅಮೆರಿಕದಲ್ಲೇ, ನಾರ್ತ್ ಕೆರೊಲಿನಾದ ಬೆಟ್ಟಸಾಲಿನಲ್ಲಿ.

1993ರಲ್ಲಿ ಅಲ್ಲಿ 1,420 ಮಕ್ಕಳ ಮಾನಸಿಕ ಆರೋಗ್ಯದ ಅಧ್ಯಯನ ಶುರುವಾಯಿತು. ಅವರಲ್ಲಿ ಚೆರೋಕೀ ಬುಡಕಟ್ಟಿನ ಮಕ್ಕಳೂ ಇದ್ದರು. ಕೆಲವೇ ವರ್ಷಗಳಲ್ಲಿ ಬುಡಕಟ್ಟು ತನ್ನ ಕ್ಯಾಸಿನೊ ಲಾಭವನ್ನು ಸದಸ್ಯರಿಗೆ ಹಂಚತೊಡಗಿತು. ಪ್ರತಿ ವಯಸ್ಕರಿಗೆ ವರ್ಷಕ್ಕೆ ಸರಾಸರಿ ಸುಮಾರು 4,000 ಡಾಲರ್. ಕೆಲಸ ಮಾಡಲಿ, ಬಿಡಲಿ, ದುಡ್ಡು ಬರ್ತಿತ್ತು. ಅಕ್ಕಪಕ್ಕದ ಬೇರೆ ಸಮುದಾಯದವರಿಗೆ ಬರ್ತಿರಲಿಲ್ಲ. ಹೋಲಿಸಿ ನೋಡೋಕೆ ಸಂಶೋಧಕರಿಗೆ ಇನ್ನೇನು ಬೇಕು!

ಅರ್ಥಶಾಸ್ತ್ರಜ್ಞ ರಾಂಡಲ್ ಅಕೀ ಮತ್ತು ಸಂಗಡಿಗರು ಈ ಕುಟುಂಬಗಳ ವಿವರವನ್ನು ಮತದಾನದ ದಾಖಲೆಗಳ ಜೊತೆ ತಾಳೆ ಹಾಕಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದುಡ್ಡು ಪಡೆದ ಅಪ್ಪ-ಅಮ್ಮಂದಿರ ಮತದಾನದ ಅಭ್ಯಾಸ ಬದಲಾಗಿರಲಿಲ್ಲ! ಬದಲಾಗಿದ್ದು ಮಕ್ಕಳದು. ಮೊದಲು ಬಡತನದಲ್ಲಿದ್ದ ಮನೆಗಳ ಮಕ್ಕಳು, ದೊಡ್ಡವರಾದ ಮೇಲೆ ಹೆಚ್ಚಾಗಿ ವೋಟು ಹಾಕಿದರು.

ಯಾಕೆ? ಇದೇ ಕುಟುಂಬಗಳ ಮೇಲಿನ ಹಿಂದಿನ ಸಂಶೋಧನೆ ಸುಳಿವು ಕೊಡುತ್ತೆ: ಬಡ ಮನೆಯ ಮಕ್ಕಳು ಹೆಚ್ಚು ವರ್ಷ ಓದಿದರು, ಸಣ್ಣಪುಟ್ಟ ಅಪರಾಧಗಳು ಕಡಿಮೆಯಾದವು, ಹೆತ್ತವರ ಜೊತೆಗಿನ ಸಂಬಂಧ ಸುಧಾರಿಸಿತು. ಓದಿನ ಜೊತೆಗೇ ಮತದಾನವೂ ಏರಿತು.

ಇದು ಒಂದು ಚಿಕ್ಕ ಸಮುದಾಯದ ಕಥೆ, ಎಲ್ಲ ಕಡೆಗೂ ಹಾಗೇ ಅನ್ವಯಿಸೋಕಾಗಲ್ಲ. ಆದರೂ ಒಂದು ಮಾತು ಸ್ಪಷ್ಟ. ಇಂಥ ಯೋಜನೆಗಳ ಫಲವನ್ನು ಮುಂದಿನ ಚುನಾವಣೆಯಲ್ಲೇ ಹುಡುಕಿದರೆ ಸಿಗದೇ ಇರಬಹುದು. ಇಲ್ಲಿ ಅದು ಕಾಣಿಸಿಕೊಂಡಿದ್ದು ಮುಂದಿನ ತಲೆಮಾರಿನಲ್ಲಿ.