ಒಣಗಿಸೋ ಕೋಣೆ ಕಟ್ತೀರಾ? ಇಂಗ್ಲೆಂಡಿನ ಈ ಹಳೇ ಇಟ್ಟಿಗೆ ಗೂಡು ನೋಡಿ

ಎರಡು ವರ್ಷದ ಹಿಂದೆ ಕೊಯ್ಲಿನ ಹೊತ್ತಿಗೇ ಮಳೆ ಹಿಡಿದುಕೊಳ್ತು. ಕಣದಲ್ಲಿದ್ದ ಮೆಣಸಿನಕಾಯಿಯನ್ನು ಇಟ್ಟಿಗೆ ಕೋಣೆಗೆ ಸಾಗಿಸಿ, ಕೆಂಡ ಇಟ್ಟು, ಶಾಖ ಹೊರಹೋಗಬಾರದು ಅಂತ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದೆ. ಬೆಳಿಗ್ಗೆ ನೋಡಿದ್ರೆ ಗೋಡೆ ತುಂಬ ನೀರ ಹನಿ. ವಾರದೊಳಗೆ ಕಾಯಿಗೆ ಬೂಷ್ಟು. ತೋಟಗಾರಿಕೆ ಪದವಿ ಓದಿದವನದೇ ಇಂಥ ಎಡವಟ್ಟು!

ತಪ್ಪು ಎಲ್ಲಾಯ್ತು ಅಂತ ಅರ್ಥವಾಗಿದ್ದು ಕಳೆದ ವರ್ಷ, ಇಂಗ್ಲೆಂಡಿನ ಕೆಂಟ್‌ನಲ್ಲಿರುವ ಅಕ್ಕನ ಮನೆಗೆ ಹೋದಾಗ. ಅಲ್ಲಿನ ಹಳ್ಳಿಗಳಲ್ಲಿ ಕೆಂಪು ಇಟ್ಟಿಗೆಯ ದುಂಡನೆ ಗೂಡುಗಳು ಕಾಣಿಸ್ತವೆ. ಹೆಸರು ‘ಓಸ್ಟ್ ಹೌಸ್’. ಬಿಯರ್‌ಗೆ ಕಹಿ, ಘಮ ಕೊಡುವ ಹಾಪ್ಸ್ ಬಳ್ಳಿಯ ಹೂವು ಒಣಗಿಸಲು ಕಟ್ಟಿದ್ದು. ಹಸಿ ಹೂವಿನಲ್ಲಿ ಹೆಚ್ಚುಕಮ್ಮಿ ಶೇ. 80 ನೀರು. ಅದನ್ನು ಶೇ. 10ರ ಆಸುಪಾಸಿಗೆ ಇಳಿಸದಿದ್ದರೆ ಬೇಗ ಕೆಡುತ್ತೆ.

ರಚನೆ ಸರಳ. ಕೆಳಗೆ ಬೆಂಕಿ. ಅದರ ಮೇಲೆ, ಅಟ್ಟದ ಎತ್ತರದಲ್ಲಿ, ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳು. ಪಟ್ಟಿಯ ಮೇಲೆ ಕುದುರೆ ಕೂದಲಿನಲ್ಲಿ ನೇಯ್ದ ಬಟ್ಟೆ ಹಾಸಿ ಹೂವು ಹರಡ್ತಿದ್ರು. ಬಿಸಿಗಾಳಿ ಹೂವಿನ ನಡುವೆ ನುಸುಳಿ, ತೇವ ಹೊತ್ತು, ಮೇಲೆ ಹೋಗ್ತಾ ಕಿರಿದಾಗುವ ಎತ್ತರದ ಚಾವಣಿಯ ತುದಿಯಿಂದ ಹೊರಬೀಳುತ್ತೆ. ಆ ತುದಿಗೊಂದು ಬಿಳಿ ಮರದ ಟೊಪ್ಪಿಗೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಅದು ತಿರುಗಿ ಗಾಳಿಗೆ ಬೆನ್ನು ಕೊಡುತ್ತೆ. ಎರಚಲು ಒಳಗಿಳಿಯಲ್ಲ, ತೇವದ ಗಾಳಿಗೆ ದಾರಿ ಸದಾ ತೆರೆದಿರುತ್ತೆ.

19ನೇ ಶತಮಾನದ ಶುರುವಿನಲ್ಲಿ ದುಂಡನೆ ಗೂಡು ಜನಪ್ರಿಯವಾಯ್ತು. ಶಾಖ ಸಮನಾಗಿ ಹರಡುತ್ತೆ ಅನ್ನೋ ನಂಬಿಕೆ. ಅದೇ ಶತಮಾನದ ಕೊನೆಯ ಹೊತ್ತಿಗೆ ಮತ್ತೆ ಚೌಕದ ಗೂಡು ಕಟ್ಟತೊಡಗಿದರು. ಕೆಲಸ ಅಷ್ಟೇ ಚೆನ್ನಾಗಿ ಆಗ್ತಿತ್ತು, ಕಟ್ಟೋದೂ ಸುಲಭ. ಆಕಾರ ಬದಲಾಯ್ತು, ಕೆಳಗಿನ ಬೆಂಕಿ, ನಡುವಿನ ಸಂದು, ಮೇಲಿನ ಬಾಯಿ ಬದಲಾಗಲಿಲ್ಲ.

ನನ್ನ ಕೋಣೆಯಲ್ಲಿ ಇಲ್ಲದ್ದು ಆ ಮೇಲಿನ ಬಾಯಿ. ಶಾಖ ಕಾಯಿಯಿಂದ ನೀರು ಬಿಡಿಸುತ್ತೆ ಅಷ್ಟೇ. ಹೊರಗೆ ಸಾಗಿಸೋದು ಗಾಳಿ.

ಈ ಸಲ ಅದೇ ಕೋಣೆಯ ಬುಡದಲ್ಲಿ ಗಾಳಿಕಿಂಡಿ, ನಡುವೆ ಬಿದಿರಿನ ತಟ್ಟಿ, ಸೂರಿನ ಮೇಲೆ ಗಾಳಿಗೆ ತಿರುಗೋ ಫ್ಯಾನ್ ಹಾಕಿಸಿದ್ದೀನಿ. ಒಲೆ ಹೊರಗಿದೆ, ಅದರ ಹೊಗೆ ಕೊಳವೆ ಕೋಣೆಯೊಳಗೆ ಹಾದು ಹೊರಹೋಗುತ್ತೆ. ಕಾಯಿಗೆ ಬಿಸಿ ಮಾತ್ರ ತಾಗುತ್ತೆ. ಒಂದು ಎಚ್ಚರಿಕೆ: ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಒಳಗೆ ಇರಬೇಡಿ, ಪ್ರಾಣಕ್ಕೇ ಅಪಾಯ.

ನೀವೂ ಕಟ್ಟಿಸೋ ಮುಂಚೆ ಗಾರೆಯವರಿಗೆ ಒಂದು ಪ್ರಶ್ನೆ ಕೇಳಿ: “ತೇವ ಎಲ್ಲಿಂದ ಹೊರಗೆ ಹೋಗುತ್ತೆ?” ಉತ್ತರ ಸಿಕ್ಕ ಮೇಲೇ ಇಟ್ಟಿಗೆ ಇಳಿಸಿಕೊಳ್ಳಿ.