ಬಾಗಿಲು ತೆರೆದಾಗ

ನನ್ನ ಅಕ್ಕನ ಮಗ ವಿಮಾನ ನಡೆಸುವುದನ್ನು ಕಲಿಯಲು ಹುಬ್ಬಳ್ಳಿಯಿಂದ ಮಹಾರಾಷ್ಟ್ರಕ್ಕೆ ಬಂದಾಗ, ಅವನ ಮೇಲೆ ಒಂದು ಕಣ್ಣಿಟ್ಟಿರಬೇಕೆಂದು ಅಕ್ಕ ನನಗೆ ಕಟ್ಟಪ್ಪಣೆ ಮಾಡಿದ್ದಳು. ಆಕಾಶದಲ್ಲಿ ಹಾರುವವನ ಮೇಲೆ ನೆಲದಲ್ಲಿದ್ದವನು ಕಣ್ಣಿಡುವುದು ಹೇಗೆ? ಆದ್ದರಿಂದ, ಖಾಸಗಿ ಪೈಲಟ್ ಪರವಾನಗಿ ಕೈಗೆ ಬಂದ ಮೇಲೆ ಅವನು "ಮಾಮಾ, ಒಮ್ಮೆ ನನ್ನ ಜೋಡಿ ಬರ್ರಿ" ಎಂದಾಗ ಇಲ್ಲವೆನ್ನಲಾರದೆ ಹೊರಟೆ.

ವಿಮಾನವನ್ನು ನೋಡಿದೊಡನೆ ನನ್ನ ಉತ್ಸಾಹ ಅರ್ಧ ಇಳಿಯಿತು. ಸೆಸ್ನಾ 152 ಎಂದು ಅದರ ಹೆಸರು. ಎರಡೇ ಆಸನ, 110 ಅಶ್ವಶಕ್ತಿಯ ಎಂಜಿನು, ಖಾಲಿ ಇದ್ದಾಗ ಸುಮಾರು 500 ಕಿಲೋ ತೂಕ. ಒಳಗೆ ಕುಳಿತರೆ ಭುಜಕ್ಕೆ ಭುಜ ತಾಗುತ್ತದೆ. ಬಾಗಿಲಾದರೋ ತಗಡಿನ ಟ್ರಂಕಿನ ಮುಚ್ಚಳದಷ್ಟು ಹಗುರ. ಇಂಥದೇ ಎರಡಾಸನದ 'ಪುಷ್ಪಕ್' ವಿಮಾನವನ್ನು ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯವರು 1958ರಲ್ಲಿಯೇ ಹಾರಿಸಿದ್ದರೆಂದೂ, ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರು ಅದರಲ್ಲಿಯೇ ಕಲಿತರೆಂದೂ ನಾನು ಅಭಿಮಾನದಿಂದ ಹೇಳಿದೆ. ಅವನು ನಕ್ಕು, ನನ್ನ ಸೊಂಟದ ಪಟ್ಟಿ ಬಿಗಿದ.

ರನ್‌ವೇ ತುದಿಯಲ್ಲಿ ನಿಂತು ಅವನು ತನ್ನಷ್ಟಕ್ಕೆ ಏನನ್ನೋ ಗೊಣಗಿದ. ಅಕ್ಕ ಕಲಿಸಿದ ಯಾವುದೋ ಸ್ತೋತ್ರವಿರಬೇಕೆಂದು ನನಗೆ ಸಮಾಧಾನವಾಯಿತು.

ವಿಮಾನ ಓಡಿತು. ವೇಗಸೂಚಕದ ಮುಳ್ಳು 50 ನಾಟ್, ಅಂದರೆ ಗಂಟೆಗೆ ಸುಮಾರು 93 ಕಿಲೋಮೀಟರು ದಾಟಿದಾಗ ಮೂತಿ ಎತ್ತಿತು. ಗಾಲಿಗಳು ನೆಲ ಬಿಟ್ಟವು. ಅದೇ ಕ್ಷಣಕ್ಕೆ ಫಟ್ಟೆಂದು ನನ್ನ ಮಗ್ಗುಲಿನ ಬಾಗಿಲು ತೆರೆದುಕೊಂಡಿತು! ಗಾಳಿ ಭೋರೆಂದು ಒಳನುಗ್ಗಿತು. ನಾಲ್ಕು ಬೆರಳಗಲದ ಸಂದಿಯಲ್ಲಿ ನೆಲ ಕೆಳಗೆ ಸರಿಯುತ್ತಿರುವುದು ಕಂಡು ಜೀವ ಬಾಯಿಗೆ ಬಂತು. ನನಗೆ ತಿಳಿಯದಂತೆಯೇ ಕೈ ಬಾಗಿಲ ಕಡೆಗೆ ಹೋಯಿತು.

"ಮಾಮಾ, ಕೈ ತಗೀರಿ. ಬಾಗಲಾ ಹಂಗ ಇರ್ಲಿ."

ಹೀಗೆಂದವನು ಬಾಗಿಲ ಕಡೆಗೆ ತಿರುಗಿಯೂ ನೋಡಲಿಲ್ಲ. ಮೂತಿಯನ್ನು ಮೊದಲಿನಂತೆಯೇ ಹಿಡಿದು ನೆಟ್ಟಗೆ ಮೇಲೇರಿಸಿದ. ಸಾಕಷ್ಟು ಎತ್ತರಕ್ಕೆ ಬಂದ ಮೇಲೆ ಟವರಿನವರಿಗೆ ರೇಡಿಯೋದಲ್ಲಿ ಎರಡು ಮಾತು ಹೇಳಿ, ವಿಮಾನ ನಿಲ್ದಾಣವನ್ನು ಒಂದು ಸುತ್ತು ಹಾಕಿ ಎಂದಿನಂತೆ ಇಳಿಸಿದ. ರನ್‌ವೇ ಬಿಟ್ಟು ಪಕ್ಕಕ್ಕೆ ಬಂದು ನಿಂತ ಮೇಲೆಯೇ ನನ್ನ ಮೈಮೇಲಿಂದ ಬಾಗಿ ಬಾಗಿಲು ಎಳೆದದ್ದು. "ನೀವು ಹಾಕಿದ್ರಿ, ನಾ ಜಗ್ಗಿ ನೋಡ್ಲಿಲ್ಲ. ತಪ್ಪು ನಂದ" ಎಂದ.

ಚಹಾ ಕುಡಿಯುತ್ತ ಅವನು ವಿವರಿಸಿದ್ದನ್ನು ನಮ್ಮ ವಾಚಕರಿಗೂ ತಿಳಿಸಬೇಕೆನಿಸುತ್ತದೆ. ಏಕೆಂದರೆ ನಮ್ಮ ಮಕ್ಕಳಲ್ಲಿ ಹಲವರು ಈಗ ಈ ವಿದ್ಯೆಗೆ ಹೋಗುತ್ತಿದ್ದಾರೆ. ಉಬ್ಬಿದ ಮೈಯ ಮೇಲೆ ಗಾಳಿ ಜೋರಾಗಿ ಹರಿದಾಗ ಹೊರಗಿನ ಒತ್ತಡ ಕಡಿಮೆಯಾಗುತ್ತದೆ. ಅರ್ಧ ಬಿದ್ದ ಚಿಲಕ ಆಗ ಸೋಲುತ್ತದೆ. ಆದರೆ ಬಾಗಿಲಿನ ಕೀಲು ಮುಂದುಗಡೆ ಇರುವುದರಿಂದ ಎದುರುಗಾಳಿಯೇ ಅದನ್ನು ಪೂರ್ತಿ ತೆರೆಯಗೊಡದೆ ಒತ್ತಿ ಹಿಡಿಯುತ್ತದೆ. ಸದ್ದು ವಿಪರೀತ, ಹಾರಾಟಕ್ಕೆ ತೊಂದರೆ ಅಲ್ಪ.

ಅಪಾಯ ಇರುವುದು ಅದನ್ನು ಮುಚ್ಚಲು ಹೋಗುವ ಕೈಯಲ್ಲಿ. ಪೈಲಟ್ ಪಕ್ಕಕ್ಕೆ ಬಾಗಿದನೆನ್ನಿ. ಚುಕ್ಕಾಣಿ ಹಿಡಿದ ಇನ್ನೊಂದು ಕೈ ಅರಿಯದೆ ಜಗ್ಗುತ್ತದೆ, ಮೂತಿ ಮೇಲಕ್ಕೆ ಹೋಗುತ್ತದೆ, ವೇಗ ಕುಸಿಯುತ್ತದೆ. 67 ನಾಟಿನಲ್ಲಿ ಚೆನ್ನಾಗಿ ಏರುವ ಈ ವಿಮಾನದ ರೆಕ್ಕೆಗಳು 40 ನಾಟಿನ ಸುಮಾರಿಗೆ ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ನೆಲದ ಹತ್ತಿರ ಹಾಗಾದರೆ ಸುಧಾರಿಸಿಕೊಳ್ಳಲು ಎತ್ತರವೆಲ್ಲಿ? ನನ್ನ ಮುಂದೆಯೂ ಒಂದು ಜೋಡಿ ಚುಕ್ಕಾಣಿ ಇತ್ತೆಂಬುದು ಆಗ ನೆನಪಾಗಿ ಚಹಾ ಗಂಟಲಲ್ಲೇ ನಿಂತಿತು. ನನ್ನ ಮೊಣಕೈ ಅದಕ್ಕೆ ತಗುಲಿದ್ದರೆ!

ದೊಡ್ಡ ವಿಮಾನದವರೂ ಇದಕ್ಕೆ ಹೊರತಲ್ಲವೆಂದು ಅವನು ಒಂದು ಕಥೆ ಹೇಳಿದ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿಯ ಬಳಿ, ಈಸ್ಟರ್ನ್ ಏರ್‌ಲೈನ್ಸಿನ ಟ್ರೈಸ್ಟಾರ್ ವಿಮಾನದಲ್ಲಿ ಗಾಲಿ ಇಳಿದದ್ದನ್ನು ತೋರಿಸುವ ಒಂದು ಚಿಕ್ಕ ದೀಪ ಹತ್ತಲಿಲ್ಲ. ಪೈಲಟುಗಳೆಲ್ಲ ಆ ಬಲ್ಬಿನ ಹಿಂದೆ ಬಿದ್ದರು. ವಿಮಾನ ಮೆಲ್ಲಗೆ ಕೆಳಗಿಳಿಯುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಅದು ಜೌಗು ನೆಲಕ್ಕೆ ಅಪ್ಪಳಿಸಿ ಸುಮಾರು 100 ಮಂದಿ ತೀರಿಕೊಂಡರು.

ಹಾಗಾದರೆ ಕೆಟ್ಟದ್ದನ್ನೆಲ್ಲ ಹಾಗೆಯೇ ಬಿಟ್ಟು ಹಾರಬೇಕೆ? ಇಲ್ಲ. ಇನ್ನೂ ನೆಲದ ಮೇಲೆ ಓಡುತ್ತಿರುವಾಗ ಮುಂದೆ ಹಾದಿ ಸಾಕಷ್ಟಿದ್ದರೆ, ಥ್ರಾಟಲ್ ಹಿಂದಕ್ಕೆಳೆದು ನಿಂತುಬಿಡಬೇಕು. ವೇಗಸೂಚಕದ ಮುಳ್ಳು ಏಳದಿದ್ದರಂತೂ ನಿಲ್ಲಲೇಬೇಕು. ಗಾಳಿಯ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟಂತೆ. ನೆಲ ಬಿಟ್ಟು ಹಾದಿ ಮುಗಿದ ಮೇಲೆ ಎಂಜಿನೇ ನಿಂತರೆ, ಹಿಂದಿರುಗುವ ಆಸೆಪಡದೆ ಮುಂದೆ ಕಂಡ ಬಯಲಲ್ಲಿ ಇಳಿಯಬೇಕು. ಬಾಗಿಲಿನಂಥ ಸಣ್ಣ ಕೇಡಾದರೆ ಮೊದಲು ಹಾರಾಟ, ಉಳಿದದ್ದೆಲ್ಲ ಆಮೇಲೆ. ಇವನ್ನೆಲ್ಲ ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳುವುದು ವಾಡಿಕೆ. ರನ್‌ವೇ ತುದಿಯಲ್ಲಿ ನಾನು ಸ್ತೋತ್ರವೆಂದು ತಿಳಿದದ್ದು ಇದನ್ನೇ!

ಆ ಮಧ್ಯಾಹ್ನ ಮತ್ತೆ ಹಾರಿದೆವು. ಬಾಗಿಲನ್ನು ನಾನು ಎರಡು ಸಲ ಎಳೆದೆ, ಅವನು ಮೂರನೆಯ ಸಲ ಜಗ್ಗಿ ನೋಡಿದ. ರಾತ್ರಿ ಅಕ್ಕ ಫೋನು ಮಾಡಿ, "ಹುಡುಗ ಹೆಂಗ ಹಾರಸ್ತಾನೋ?" ಎಂದು ಕೇಳಿದಳು.

"ಭಾಳ ಛಲೋ ಹಾರಸ್ತಾನ" ಎಂದೆ. "ಗಾಳಿ ಮಾತ್ರ ಸ್ವಲ್ಪ ಜಾಸ್ತಿ ಇತ್ತು."